ಕೊಪ್ಪಕ್ಕೆ ಬಸ್ ತೋರಿಸುತ್ತೆ, ಚಿಕ್ಕಮಗಳೂರು ಅಂದರೆ 500 ಎರರ್. ಸ್ಕ್ರಿಪ್ಟ್ ಒಂದೇ, ಏನಾಗ್ತಿದೆ?

ಬಸ್‌ಸ್ಟ್ಯಾಂಡ್ (ಭಾನುವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಬಸ್ಸಿನ ಸಮಯ ತೋರಿಸುವ ಒಂದು ಸಣ್ಣ ಸೈಟ್ ಇಟ್ಟುಕೊಂಡಿದ್ದೇನೆ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಯ 140 ಸ್ಟಾಪ್‌ಗಳಿವೆ. ಎಲ್ಲಿಂದ, ಯಾವ ಊರಿನ ಮೇಲೆ, ಎಲ್ಲಿಗೆ ಅಂತ ಮೂರು ಹೆಸರು ಕೊಟ್ಟರೆ ಬಸ್ಸುಗಳ ಪಟ್ಟಿ ಬರುತ್ತದೆ. ಸರ್ಕಾರಿ, ಖಾಸಗಿ ಎರಡೂ ಇವೆ. ಕಂಡಕ್ಟರ್‌ಗಳನ್ನು, ಸ್ಟ್ಯಾಂಡಿನ ಹೋಟೆಲಿನವರನ್ನು ಕೇಳಿ ಕೇಳಿ ನಾಲ್ಕು ವರ್ಷದಿಂದ ಸೇರಿಸಿದ ಮಾಹಿತಿ ಅದು, ಅದಕ್ಕೇ ಹೀಗೆ ನಿಂತುಹೋದರೆ ಹೊಟ್ಟೆ ಉರಿಯುತ್ತದೆ.

ಬಾಡಿಗೆ ಸರ್ವರ್. ಒಂದೇ ಕೋರ್, 1 ಜಿಬಿ ಮೆಮೊರಿ, 25 ಜಿಬಿ ಡಿಸ್ಕ್. ಮೊದಲು ಡೆಬಿಯನ್ 10 (ಲಿನಕ್ಸ್), ಸ್ಕ್ರಿಪ್ಟ್ ಓಡಿಸುವ ಪಿಎಚ್‌ಪಿ 7.3 ಇತ್ತು. ಮೂರು ವಾರದ ಹಿಂದೆ ಹೊಸ ಸರ್ವರ್ ತಗೊಂಡು ಡೆಬಿಯನ್ 12, ಪಿಎಚ್‌ಪಿ 8.2, ವೆಬ್ ಸರ್ವರ್ ಆಗಿ ಎಂಜಿನ್‌ಎಕ್ಸ್ ಹಾಕಿದೆ. ಡೇಟಾಬೇಸ್ ಎಸ್‌ಕ್ಯೂಲೈಟ್. ಸ್ಕ್ರಿಪ್ಟ್‌ನಲ್ಲಿ ಒಂದು ಸಾಲೂ ಬದಲಿಸಿಲ್ಲ.

ಈಗ ಶಿವಮೊಗ್ಗದಿಂದ ನರಸಿಂಹರಾಜಪುರದ ಮೇಲೆ ಕೊಪ್ಪಕ್ಕೆ ಹುಡುಕಿದರೆ ಸರಿಯಾಗಿ ಬರುತ್ತದೆ. ಶೃಂಗೇರಿಗೂ ಬರುತ್ತದೆ. ಅದೇ ದಾರಿಯಲ್ಲಿ ಚಿಕ್ಕಮಗಳೂರು ಅಂತ ಕೊಟ್ಟರೆ ಬಿಳಿ ಪುಟ, 500. ಇಂಗ್ಲಿಷಿನಲ್ಲಿ ಹೆಸರು ಕೊಟ್ಟರೆ ಚಿಕ್ಕಮಗಳೂರಿಗೂ ಬರುತ್ತದೆ! ಇನ್ನೊಂದು ವಿಷಯ: ಶೃಂಗೇರಿ ನನಗೆ ಬರುತ್ತದೆ, ಆದರೆ ನಮ್ಮ ಅತ್ತೆ ಮಗನಿಗೆ ಅದೇ ಶೃಂಗೇರಿ 500 ಕೊಡುತ್ತದೆ. ಇದು ಸಾಲದು ಅಂತ ಬೆಳಗ್ಗೆ 5 ರಿಂದ 7ರ ವರೆಗೆ ಸೈಟ್ ತೆರೆಯುವುದೇ ಇಲ್ಲ, ಒಂದು ನಿಮಿಷ ಸುತ್ತಿ ಸುತ್ತಿ 504 ಬರುತ್ತದೆ. ಜನಕ್ಕೆ ಬಸ್ ಟೈಮ್ ಬೇಕಾಗಿರುವುದೇ ಆ ಹೊತ್ತಿಗೆ.

ಅಡಿಕೆತೋಟ (ಭಾನುವಾರ, ರಾತ್ರಿ 10:05)

1 ಜಿಬಿ ಸಾಲದು ಅನಿಸುತ್ತದೆ. ಪಿಎಚ್‌ಪಿ-ಎಫ್‌ಪಿಎಂ ಸೆಟಿಂಗ್‌ನಲ್ಲಿ ಮ್ಯಾಕ್ಸ್ ಚಿಲ್ಡ್ರನ್ (ಒಟ್ಟಿಗೆ ಎಷ್ಟು ಪಿಎಚ್‌ಪಿ ಪ್ರೋಸೆಸ್ ಓಡಬಹುದು) ಅಂತ ಇದೆ, ಡೆಬಿಯನ್‌ನಲ್ಲಿ 5 ಇರುತ್ತದೆ. ಅದನ್ನು 50 ಮಾಡಿ ರೀಸ್ಟಾರ್ಟ್ ಮಾಡಿ. ಕ್ಯಾಶ್ ಫೋಲ್ಡರ್ (ಒಮ್ಮೆ ತಯಾರಾದ ಪುಟಗಳನ್ನು ಮತ್ತೆ ಕೊಡಲು ಇಟ್ಟುಕೊಳ್ಳುವ ಜಾಗ) ಏನಾದರೂ ಇದ್ದರೆ ಅದಕ್ಕೆ 777 ಪರ್ಮಿಶನ್ ಕೊಟ್ಟುಬಿಡಿ, ನನ್ನ ಸೈಟ್‌ನಲ್ಲಿ ಅದರಿಂದ ಸರಿಹೋಗಿತ್ತು.

ಕಪ್ಪುಪರದೆ (ಭಾನುವಾರ, ರಾತ್ರಿ 10:30)

ದಯವಿಟ್ಟು ಇನ್ನೂ ಏನೂ ಮುಟ್ಟಬೇಡಿ. 777 ಅಂದರೆ ಆ ಸರ್ವರ್‌ನಲ್ಲಿ ಓಡುವ ಯಾವ ಪ್ರೋಗ್ರಾಂ ಬೇಕಾದರೂ ಆ ಫೋಲ್ಡರ್‌ಗೆ ಏನು ಬೇಕಾದರೂ ಬರೆಯಬಹುದು ಅಂತ. ಬಾಗಿಲಿಗೆ ಬೀಗ ಬೀಳ್ತಿಲ್ಲ ಅಂತ ಬಾಗಿಲನ್ನೇ ಕಿತ್ತಿಟ್ಟ ಹಾಗೆ.

ಎರಡು ತೊಂದರೆ ಒಟ್ಟಿಗೆ ಸೇರಿಕೊಂಡಿವೆ, ಬೇರೆ ಬೇರೆ ನೋಡೋಣ. 500 ಅಂದರೆ ರಿಕ್ವೆಸ್ಟ್ ಪಿಎಚ್‌ಪಿ ವರೆಗೆ ಹೋಗಿ, ಸ್ಕ್ರಿಪ್ಟ್ ಅರ್ಧದಲ್ಲಿ ಬಿದ್ದಿದೆ. 504 ಅಂದರೆ ಎಂಜಿನ್‌ಎಕ್ಸ್ ಕಾದು ಕಾದು ಕೈಬಿಟ್ಟಿದೆ. ಸೆಟಿಂಗ್ ಬದಲಿಸದಿದ್ದರೆ ಅದು 60 ಸೆಕೆಂಡ್ ಕಾಯುತ್ತದೆ, ನೀವು ಹೇಳಿದ ಒಂದು ನಿಮಿಷ ಅದೇ. ಇವೆರಡಕ್ಕೂ ಒಂದೇ ಮದ್ದು ಇರಬೇಕು ಅಂತೇನಿಲ್ಲ.

ಮೊದಲು 500. ಒಂದು ಟರ್ಮಿನಲ್‌ನಲ್ಲಿ ಎಂಜಿನ್‌ಎಕ್ಸ್‌ನ ಎರರ್ ಲಾಗ್ ಅನ್ನು ಟೇಲ್ ಹಾಕಿ, ಹೊಸ ಸಾಲು ಬಿದ್ದ ಹಾಗೇ ಕಾಣುವಂತೆ ತೆರೆದಿಡಿ. ಇನ್ನೊಂದು ಕಡೆಯಿಂದ ಚಿಕ್ಕಮಗಳೂರು ಒಂದೇ ಸಲ ಹುಡುಕಿ. ಆ ಕ್ಷಣಕ್ಕೆ ಬಿದ್ದ ಸಾಲು ಯಾವುದೋ ಅದನ್ನು ಪೂರ್ತಿ ಇಲ್ಲಿ ಹಾಕಿ, ಮಧ್ಯದಲ್ಲಿ ಕತ್ತರಿಸಬೇಡಿ.

ಬಸ್‌ಸ್ಟ್ಯಾಂಡ್ (ಸೋಮವಾರ, ಬೆಳಗ್ಗೆ 8:15)

ಸರ್, ನಿಮ್ಮ ಉತ್ತರ ನೋಡುವ ಮೊದಲೇ ಒಂದು ಕೆಲಸ ಮಾಡಿಬಿಟ್ಟಿದ್ದೆ. ಸ್ಕ್ರಿಪ್ಟ್‌ಗೆ ಊರಿನ ಹೆಸರನ್ನು ಕಮಾಂಡ್ ಲೈನ್‌ನಿಂದಲೂ ಕೊಡಬಹುದು. ರಾತ್ರಿ ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಲಾಗಿನ್ ಆಗಿ, ಶಿವಮೊಗ್ಗದಿಂದ ಸಾಗರಕ್ಕೆ ಓಡಿಸಿ ನೋಡಿದೆ. ಸರಿಯಾಗಿ ಬಂತು, ಹಾಗಾಗಿ ಸ್ಕ್ರಿಪ್ಟ್ ಸರಿ ಇದೆ ಅಂದುಕೊಂಡೆ. ಇವತ್ತು ಬೆಳಗ್ಗೆ ನೋಡಿದರೆ ಬ್ರೌಸರ್‌ನಲ್ಲಿ ಸಾಗರವೂ 500! ನಿನ್ನೆವರೆಗೆ ಚೆನ್ನಾಗಿದ್ದದ್ದು ಅದು.

ರಾತ್ರಿಪಾಳಿ (ಸೋಮವಾರ, ಬೆಳಗ್ಗೆ 8:40)

ಸಾಗರದ್ದು ನೀವೇ ಮಾಡಿದ್ದು, ಆದರೆ ಹೆದರಬೇಡಿ, ಸುಲಭದ್ದು. ರೂಟ್ ಆಗಿ ಓಡಿಸಿದಾಗ ಕ್ಯಾಶ್ ಫೈಲ್ ರೂಟ್ ಹೆಸರಲ್ಲಿ ಹುಟ್ಟಿದೆ. ಬ್ರೌಸರ್‌ನಿಂದ ಬರುವ ರಿಕ್ವೆಸ್ಟ್‌ಗಳು ಓಡುವುದು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಬೇರೆ ಯೂಸರ್ ಹೆಸರಲ್ಲಿ. ಆ ಫೈಲನ್ನು ಅವನು ಓದಬಲ್ಲ, ತಿದ್ದಲಾರ. ಹೊಸ ದಿನ ಅಂತ ಬೆಳಗ್ಗೆ ಕ್ಯಾಶ್ ಮತ್ತೆ ಬರೆಯಲು ಹೋಗಿ ಅಲ್ಲೇ ಬಿದ್ದಿರುತ್ತಾನೆ. ಆ ಫೋಲ್ಡರ್‌ನ ಒಡೆತನವನ್ನು ಚೌನ್ ಹಾಕಿ ಅವನಿಗೇ ವಾಪಸ್ ಕೊಡಿ. ಮುಂದೆ ಪರೀಕ್ಷೆ ಮಾಡುವಾಗ ಸುಡೋ ಜೊತೆ ಆ ಯೂಸರ್ ಹೆಸರು ಕೊಟ್ಟೇ ಓಡಿಸಿ.

ಕಮಾಂಡ್ ಲೈನ್‌ನಲ್ಲಿ ಬಂತು ಅಂದ ಮಾತ್ರಕ್ಕೆ ವೆಬ್‌ನಲ್ಲೂ ಬರಬೇಕಾಗಿಲ್ಲ. ಡೆಬಿಯನ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಪಿಎಚ್‌ಪಿ ಐಎನ್‌ಐ ಫೈಲ್ ಇರುತ್ತದೆ. ಯೂಸರ್ ಬೇರೆ, ಸೆಟಿಂಗ್ ಬೇರೆ. ಮೇಲಾಗಿ ನೀವು ಓಡಿಸಿದ್ದು ಸಾಗರ, ಕೆಟ್ಟಿರುವುದು ಚಿಕ್ಕಮಗಳೂರು. ಕೆಟ್ಟಿರುವ ರಿಕ್ವೆಸ್ಟನ್ನೇ ಓಡಿಸಬೇಕು, ಅಲ್ವಾ?

ಬಸ್‌ಸ್ಟ್ಯಾಂಡ್ (ಸೋಮವಾರ, ರಾತ್ರಿ 8:50)

ಅಕ್ಕಾ, ನೀವು ಹೇಳಿದ ಹಾಗೆ ಮಾಡಿದೆ, ಸಾಗರ ಸರಿಹೋಯಿತು. ಥ್ಯಾಂಕ್ಸ್.

ಚಿಕ್ಕಮಗಳೂರು ಹುಡುಕಿದಾಗ ಲಾಗ್‌ನಲ್ಲಿ ಬಿದ್ದದ್ದು ಎರಡು ವಿಷಯ. ಸಾಲು ಉದ್ದವಾಗಿದೆ, ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ. ಮೊದಲು ಒಂದು ವಾರ್ನಿಂಗ್: ಎಫ್‌ಓಪನ್ (ಫೈಲ್ ತೆರೆಯುವುದು) ಆಗಲಿಲ್ಲ, ಫೈಲ್ ಹೆಸರು ತುಂಬಾ ಉದ್ದ. ಅದರ ಹಿಂದೆಯೇ ಫೇಟಲ್ ಎರರ್: ಟೈಪ್‌ಎರರ್, ಎಫ್‌ರೈಟ್‌ಗೆ (ಫೈಲಿಗೆ ಬರೆಯುವುದಕ್ಕೆ) ರಿಸೋರ್ಸ್ ಅಂದರೆ ತೆರೆದ ಫೈಲ್ ಬೇಕಿತ್ತು, ಬೂಲ್ ಅಂದರೆ ಬರೀ ಹೌದು-ಅಲ್ಲ ಎಂಬ ಬೆಲೆ ಕೊಟ್ಟಿದ್ದೀರಿ. ಫೈಲ್ ಹೆಸರು ಅಂತ ತೋರಿಸಿದ್ದು ಪರ್ಸೆಂಟ್ ಚಿಹ್ನೆಗಳ ದೊಡ್ಡ ಮಾಲೆ, %ಇ0%ಬಿ2%ಬಿ6 ಅಂತ ಶುರುವಾಗಿ ಮೂರು ಸಾಲು ಹೋಗುತ್ತದೆ.

ಇಷ್ಟು ದಿನ ಈ ಲಾಗ್ ತೆರೆದೇ ನೋಡಿರಲಿಲ್ಲ. ಅಕ್ಸೆಸ್ ಲಾಗ್ ಮಾತ್ರ ನೋಡುತ್ತಿದ್ದೆ, ಅದರಲ್ಲಿ 500 ಅಂತ ಇರುತ್ತದೆ, ಕಾರಣ ಇರುವುದಿಲ್ಲ.

ಕಪ್ಪುಪರದೆ (ಸೋಮವಾರ, ರಾತ್ರಿ 9:30)

ಸಿಕ್ಕಿತು. ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಸೈಟ್ ಮಾಡುವ ಯಾರಿಗೆ ಬೇಕಾದರೂ ಇದು ಎದುರಾಗಬಹುದು.

ನಿಮ್ಮ ಸ್ಕ್ರಿಪ್ಟ್ ಮೂರು ಊರಿನ ಹೆಸರನ್ನು ಯುಆರ್‌ಎಲ್ ಎನ್‌ಕೋಡ್ ಮಾಡಿ, ಮಧ್ಯೆ ಹೈಫನ್ ಹಾಕಿ, ಕೊನೆಗೆ ಚುಕ್ಕಿ ಎಚ್‌ಟಿಎಂಎಲ್ ಸೇರಿಸಿ ಅದನ್ನೇ ಕ್ಯಾಶ್ ಫೈಲಿನ ಹೆಸರು ಮಾಡುತ್ತಿದೆ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲಿ ಒಂದು ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷಿಗೆ ಅದು ಧಾರಾಳ. ನಮ್ಮ ಲಿಪಿಗೆ ಅಲ್ಲ.

ಶಿವಮೊಗ್ಗ ತಗೊಳ್ಳಿ. ಕಣ್ಣಿಗೆ ನಾಲ್ಕು ಅಕ್ಷರ: ಶಿ, ವ, ಮೊ, ಗ್ಗ. ಯೂನಿಕೋಡ್‌ನಲ್ಲಿ ಅದು 8 ಕೋಡ್: ಶ, ಗುಡಿಸು, ವ, ಮ, ಒತ್ವ, ಗ, ಅರ್ಧಾಕ್ಷರದ ಚಿಹ್ನೆ (ವಿರಾಮ), ಮತ್ತೆ ಗ. ಯುಟಿಎಫ್-8 ನಲ್ಲಿ ಕನ್ನಡದ ಪ್ರತಿ ಕೋಡ್‌ಗೂ 3 ಬೈಟ್, ಅಂದರೆ 24. ಎನ್‌ಕೋಡ್ ಮಾಡಿದರೆ ಪ್ರತಿ ಬೈಟೂ ಪರ್ಸೆಂಟ್ ಚಿಹ್ನೆ ಮತ್ತು ಎರಡು ಅಕ್ಷರವಾಗಿ ಮೂರರಷ್ಟು ಆಗುತ್ತದೆ. 72! ನಾಲ್ಕು ಅಕ್ಷರದ ಊರಿಗೆ 72 ಬೈಟ್.

ಈಗ ಕೂಡಿಸಿ. ನರಸಿಂಹರಾಜಪುರ 12 ಕೋಡ್, 108 ಬೈಟ್. ಶೃಂಗೇರಿ 7 ಕೋಡ್, 63. ಶಿವಮೊಗ್ಗದ 72 ಸೇರಿಸಿದರೆ 243, ಎರಡು ಹೈಫನ್, ಚುಕ್ಕಿ ಎಚ್‌ಟಿಎಂಎಲ್‌ಗೆ 5, ಒಟ್ಟು 250. ಐದು ಬೈಟ್ ಉಳಿಯಿತು, ಶೃಂಗೇರಿ ಪಾರು. ಚಿಕ್ಕಮಗಳೂರು 11 ಕೋಡ್, 99 ಬೈಟ್. ಒಟ್ಟು 286. ಫೈಲ್ ತೆರೆಯುವುದೇ ಇಲ್ಲ.

ಬಸ್‌ಸ್ಟ್ಯಾಂಡ್ (ಸೋಮವಾರ, ರಾತ್ರಿ 9:42)

ಅಬ್ಬಾ. ಹಾಗಾದರೆ ನಾಲ್ಕು ವರ್ಷ ಹೇಗೆ ಓಡಿತು? ಆಗಲೂ ಇದೇ ಹೆಸರು, ಇದೇ ಊರು.

ಕಪ್ಪುಪರದೆ (ಸೋಮವಾರ, ರಾತ್ರಿ 9:58)

ಆಗಲೂ ಕ್ಯಾಶ್ ಬರೆದಿರಲಿಕ್ಕಿಲ್ಲ. ವ್ಯತ್ಯಾಸ ಪಿಎಚ್‌ಪಿಯದು. ಎಫ್‌ಓಪನ್ ಸೋತಾಗ ಫಾಲ್ಸ್ ಕೊಡುತ್ತದೆ. ನಿಮ್ಮ ಸ್ಕ್ರಿಪ್ಟ್ ಅದನ್ನು ಪರೀಕ್ಷಿಸದೆ ಸೀದಾ ಎಫ್‌ರೈಟ್‌ಗೆ ಕೊಡುತ್ತಿದೆ. ಪಿಎಚ್‌ಪಿ 7 ರಲ್ಲಿ ಇದು ಬರೀ ವಾರ್ನಿಂಗ್: ಲಾಗ್‌ನಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿ ಪುಟ ತೋರಿಸುತ್ತಿತ್ತು. 2020ರ ನವೆಂಬರ್‌ನಲ್ಲಿ ಬಂದ ಪಿಎಚ್‌ಪಿ 8 ರಿಂದ ಇಂಥ ಕಡೆ ಟೈಪ್‌ಎರರ್ ಎಸೆಯುತ್ತದೆ, ಹಿಡಿಯುವವರಿಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಸಾಗರ ಬಿದ್ದದ್ದೂ ಇದೇ ಸಾಲಿನಲ್ಲಿ, ಫೈಲ್ ತೆರೆಯದಿರಲು ಕಾರಣ ಮಾತ್ರ ಬೇರೆ.

ಹಳೇ ಸರ್ವರ್‌ನ ಲಾಗ್ ಉಳಿದಿದ್ದರೆ ಹುಡುಕಿ ನೋಡಿ.

ಬಸ್‌ಸ್ಟ್ಯಾಂಡ್ (ಸೋಮವಾರ, ರಾತ್ರಿ 10:20)

ಬ್ಯಾಕಪ್‌ನಲ್ಲಿ ಕೊನೆಯ ಎರಡು ವಾರದ ಲಾಗ್ ಇತ್ತು. ಗ್ರೆಪ್ ಹಾಕಿ ಹುಡುಕಿದೆ. ಅದೇ ವಾರ್ನಿಂಗ್, ದಿನಕ್ಕೆ ಮೂವತ್ತು ನಲವತ್ತು ಸಲ. ಚಿಕ್ಕಮಗಳೂರಿನ ಪುಟ ಯಾವಾಗಲೂ ನಿಧಾನ ಅಂತ ಜನ ಹೇಳುತ್ತಿದ್ದರು. ಊರು ದೊಡ್ಡದು, ಬಸ್ಸು ಜಾಸ್ತಿ, ಅದಕ್ಕೇ ಅಂತ ತಿಳಿದಿದ್ದೆ. ಒಂದು ಸಲವೂ ಕ್ಯಾಶ್ ಆಗಿರಲೇ ಇಲ್ಲ ಅದು.

ಮಳೆಹಳ್ಳಿ (ಸೋಮವಾರ, ರಾತ್ರಿ 10:45)

ನಾನು ಬಾಳೆಹೊನ್ನೂರಿನವನು, ಈ ಸೈಟ್ ದಿನಾ ನೋಡುತ್ತೇನೆ, ಇಲ್ಲಿ ಸಿಕ್ಕಿದ್ದು ಖುಷಿಯಾಯಿತು. ಎನ್‌ಕೋಡ್ ಮಾಡುವುದನ್ನೇ ತೆಗೆದುಬಿಟ್ಟರೆ ಆಗಲ್ವಾ? ಲಿನಕ್ಸ್ ಕನ್ನಡ ಹೆಸರಿನ ಫೈಲ್ ಒಪ್ಪುತ್ತದೆ. 31 ಕೋಡ್‌ಗೆ 93 ಬೈಟ್, ಬಾಲ ಸೇರಿ ಬರೀ 100.

ರಾತ್ರಿಪಾಳಿ (ಸೋಮವಾರ, ರಾತ್ರಿ 11:10)

ಲೆಕ್ಕ ಸರಿ, ಆದರೆ ಹಾಗೆ ಮಾಡಬೇಡಿ. ಯುಆರ್‌ಎಲ್‌ನಲ್ಲಿ ಬಂದದ್ದು ಊರಿನ ಹೆಸರೇ ಆಗಿರುತ್ತದೆ ಅಂತ ಯಾವ ಗ್ಯಾರಂಟಿ? ಯಾರಾದರೂ ಊರಿನ ಬದಲು ಚುಕ್ಕಿ ಚುಕ್ಕಿ ಸ್ಲ್ಯಾಶ್ ಅಂತ ಕಳಿಸಿದರೆ ಸ್ಕ್ರಿಪ್ಟ್ ಕ್ಯಾಶ್ ಫೋಲ್ಡರ್‌ನಿಂದ ಹೊರಗೆ ಹೋಗಿ ಫೈಲ್ ಬರೆಯುತ್ತದೆ. ಈಗ ಎನ್‌ಕೋಡ್ ಮಾಡುವುದರಿಂದ ಆ ಸ್ಲ್ಯಾಶ್ ನಿರುಪದ್ರವಿಯಾಗುತ್ತಿದೆ.

ಹೆಸರಿನ ಬದಲು ಹ್ಯಾಶ್ (ಹೆಸರಿನಿಂದ ಲೆಕ್ಕ ಹಾಕಿ ತೆಗೆದ, ನಿಗದಿತ ಉದ್ದದ ಗುರುತು) ಬಳಸಿ. ಎಸ್‌ಎಚ್‌ಎ1 ಹಾಕಿದರೆ ಹೆಸರು ಎಷ್ಟೇ ಉದ್ದವಿದ್ದರೂ ಫೈಲಿಗೆ 40 ಅಕ್ಷರ. ಎಂಜಿನ್‌ಎಕ್ಸ್ ತನ್ನ ಫಾಸ್ಟ್‌ಸಿಜಿಐ ಕ್ಯಾಶ್‌ನಲ್ಲಿ ಇದನ್ನೇ ಮಾಡುತ್ತದೆ, ಅಲ್ಲಿ ಎಂಡಿ5. ಎಫ್‌ಓಪನ್ ಫಾಲ್ಸ್ ಕೊಟ್ಟರೆ ಬರೆಯುವುದನ್ನು ಬಿಟ್ಟು ಪುಟ ತೋರಿಸು ಅಂತಲೂ ಒಂದು ಸಾಲು ಹಾಕಿ. ಕ್ಯಾಶ್ ಕೆಟ್ಟರೆ ಪುಟ ನಿಧಾನ ಆಗಬೇಕು, ನಿಲ್ಲಬಾರದು.

ಬಸ್‌ಸ್ಟ್ಯಾಂಡ್ (ಮಂಗಳವಾರ, ಬೆಳಗ್ಗೆ 7:30)

ಎರಡೂ ಹಾಕಿದೆ. ಚಿಕ್ಕಮಗಳೂರು ಬಂತು! ನಿನ್ನೆ ರಾತ್ರಿ 12 ಗಂಟೆಗೆ ಆ ಪುಟ ನೋಡಿ ಎಷ್ಟು ಸಮಾಧಾನವಾಯಿತು ಅಂತ ಹೇಳಲಾರೆ.

ಆದರೆ ಅತ್ತೆ ಮಗನಿಗೆ ಶೃಂಗೇರಿ ಇನ್ನೂ ಸಿಗುತ್ತಿಲ್ಲ. ಈಗ 500 ಇಲ್ಲ, "ಬಸ್ಸು ಇಲ್ಲ" ಅಂತ ಬರುತ್ತದೆ. ಅವನು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಹೆಸರು ನೋಡಿದರೆ ಸ್ಪೆಲಿಂಗ್ ಸರಿಯಾಗೇ ಇದೆ.

ಕಪ್ಪುಪರದೆ (ಮಂಗಳವಾರ, ಬೆಳಗ್ಗೆ 9:05)

ಸ್ಕ್ರೀನ್‌ಶಾಟ್ ಬೇಡ. ಅಕ್ಸೆಸ್ ಲಾಗ್‌ನಲ್ಲಿ ಅವರ ರಿಕ್ವೆಸ್ಟ್ ಸಾಲು, ನಿಮ್ಮ ರಿಕ್ವೆಸ್ಟ್ ಸಾಲು, ಎರಡನ್ನೂ ಒಂದರ ಕೆಳಗೆ ಒಂದು ಇಟ್ಟು ಪರ್ಸೆಂಟ್‌ಗಳನ್ನು ಎಣಿಸಿ.

ಬಸ್‌ಸ್ಟ್ಯಾಂಡ್ (ಮಂಗಳವಾರ, ಮಧ್ಯಾಹ್ನ 1:40)

ಎಣಿಸಿದೆ. ನನ್ನ ಶೃಂಗೇರಿಯಲ್ಲಿ 21 ಪರ್ಸೆಂಟ್ ಚಿಹ್ನೆ. ಅವನದರಲ್ಲಿ 24. ಮೂರು ಜಾಸ್ತಿ, ಅಂದರೆ ಒಂದು ಕೋಡ್ ಜಾಸ್ತಿ. ಶಿವಮೊಗ್ಗದಲ್ಲೂ ಹಾಗೇ, 24ರ ಬದಲು 27.

ಕಪ್ಪುಪರದೆ (ಮಂಗಳವಾರ, ಮಧ್ಯಾಹ್ನ 2:15)

ಹಾಗಾದರೆ ಅವರದು ಬಿಡಿಸಿದ ರೂಪ. ನಿಮ್ಮ "ಗೇ"ಯಲ್ಲಿ ಏತ್ವ ಒಂದೇ ಕೋಡ್. ಅವರದರಲ್ಲಿ ಎತ್ವ ಒಂದು, ದೀರ್ಘದ ಚಿಹ್ನೆ ಇನ್ನೊಂದು. "ಮೊ" ಕೂಡ ಹಾಗೇ, ಎತ್ವ ಮತ್ತು ಊ ಸ್ವರದ ಚಿಹ್ನೆ ಸೇರಿ ಒತ್ವ ಆಗಿದೆ. ಪರದೆ ಮೇಲೆ ಒಂದೇ ಥರ ಕಾಣುತ್ತದೆ, ಕಂಪ್ಯೂಟರಿಗೆ ಬೇರೆ ಬೇರೆ ಪದ. ಮೊದಲಿನ 500 ಯಾಕೆ ಅಂತಲೂ ಗೊತ್ತಾಯಿತಲ್ಲ: ಎರಡು ಕೋಡ್‌ಗೆ 18 ಬೈಟ್ ಕೂಡಿ 250 ಇದ್ದದ್ದು 268 ಆಯಿತು, 255 ದಾಟಿತು.

ಅವರು ಹೆಸರನ್ನು ಎಲ್ಲಿಂದಲೋ ಕಾಪಿ ಮಾಡಿರಬೇಕು, ಕೇಳಿ ನೋಡಿ. ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ತಿರುಗಿಸುವಾಗ ಕೆಲವು ಸಲ ಹೀಗೆ ತುಂಡು ತುಂಡಾಗಿ ಉಳಿದುಬಿಡುತ್ತದೆ. ಪಿಎಚ್‌ಪಿಯಲ್ಲಿ ನಾರ್ಮಲೈಸರ್ ಅಂತ ಇದೆ, ಹುಡುಕುವ ಮೊದಲು ಹೆಸರನ್ನು ಅದರ ಮೂಲಕ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಕೂಡಿಸಿದ ರೂಪಕ್ಕೆ ತನ್ನಿ. ಅದಕ್ಕೆ ಇಂಟ್ಲ್ ಎಕ್ಸ್‌ಟೆನ್ಶನ್ ಬೇಕು, ಡೆಬಿಯನ್‌ನಲ್ಲಿ ಬೇರೆ ಪ್ಯಾಕೇಜ್ ಆಗಿ ಹಾಕಬೇಕು. ಕಣ್ಣಿಗೆ ಕಾಣದ ಇನ್ನೊಂದು ಅಕ್ಷರವೂ ಇದೆ, "ಬಸ್‌ಗಳು" ಅಂತ ಬರೆಯುವಾಗ ಸ್ ಮತ್ತು ಗ ಕೂಡಿಕೊಳ್ಳದಂತೆ ಮಧ್ಯೆ ಹಾಕುವ ಜೀರೋ ವಿಡ್ತ್ ನಾನ್ ಜಾಯ್ನರ್. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ. ಊರಿನ ಹೆಸರಿನಲ್ಲಿ ಬಂದರೆ ನೀವೇ ತೆಗೆಯಬೇಕು.

ಬಸ್‌ಸ್ಟ್ಯಾಂಡ್ (ಮಂಗಳವಾರ, ರಾತ್ರಿ 9:15)

ಹೌದು ಸರ್, ಅವನ ಆಫೀಸಿನ ಹಳೇ ಪಟ್ಟಿಯಿಂದ ಕಾಪಿ ಮಾಡಿ ಹಾಕುತ್ತಿದ್ದನಂತೆ. ನಾರ್ಮಲೈಸ್ ಮಾಡಿದ ಮೇಲೆ ಅವನಿಗೂ ಬಂತು.

ಇನ್ನು ಉಳಿದದ್ದು ಬೆಳಗಿನ 504. ಎಫ್‌ಪಿಎಂ ಲಾಗ್‌ನಲ್ಲಿ ಬೆಳಗ್ಗೆ 5:04ಕ್ಕೆ ಒಂದು ಸಾಲು ಇದೆ: ಮ್ಯಾಕ್ಸ್ ಚಿಲ್ಡ್ರನ್ 5 ಮುಟ್ಟಿದೆ, ಹೆಚ್ಚಿಸುವ ಯೋಚನೆ ಮಾಡಿ ಅಂತ. ಅಡಿಕೆತೋಟ ಅಣ್ಣ ಹೇಳಿದ್ದು ಇದನ್ನೇ ಅಲ್ವಾ? 50 ಮಾಡಲಾ?

ರಾತ್ರಿಪಾಳಿ (ಮಂಗಳವಾರ, ರಾತ್ರಿ 10:00)

ಬೇಡ. ಒಂದು ಪಿಎಚ್‌ಪಿ ಪ್ರೋಸೆಸ್‌ಗೆ 30 ಎಂಬಿ ಅಂದುಕೊಂಡರೂ 50ಕ್ಕೆ 1500 ಎಂಬಿ. ನಿಮ್ಮಲ್ಲಿರುವುದೇ 1 ಜಿಬಿ. ಮೆಮೊರಿ ಮುಗಿದರೆ ಕರ್ನಲ್ ತಾನೇ ಯಾವುದಾದರೂ ಪ್ರೋಸೆಸ್ ಆರಿಸಿ ಕೊಲ್ಲುತ್ತದೆ, ಆಗ ಈಗಿನದಕ್ಕಿಂತ ಹೆಚ್ಚು ತೊಂದರೆ. ಒಂದು ಹುಡುಕಾಟಕ್ಕೆ ಎಷ್ಟು ಹೊತ್ತು ಬೇಕು? ಆ ಹೊತ್ತಿಗೆ ಯಾರು ಬರುತ್ತಿದ್ದಾರೆ? ಎರಡು ಹೇಳಿ.

ಬಸ್‌ಸ್ಟ್ಯಾಂಡ್ (ಬುಧವಾರ, ಬೆಳಗ್ಗೆ 6:20)

ಇವತ್ತು 4:45ಕ್ಕೇ ಎದ್ದು ಲಾಗ್ ಮುಂದೆ ಕೂತಿದ್ದೆ. 5 ಗಂಟೆಗೆ ಶುರುವಾಯಿತು. ಒಂದೇ ಬಾಟ್ (ತಾನಾಗಿ ಪುಟಗಳನ್ನು ತೆರೆಯುತ್ತಾ ಹೋಗುವ ಪ್ರೋಗ್ರಾಂ), ಸೆಕೆಂಡಿಗೆ ಒಂದು ರಿಕ್ವೆಸ್ಟ್. ಸಾಗರದಿಂದ ಹೊಸನಗರದ ಮೇಲೆ ಭದ್ರಾವತಿಗೆ, ಸಾಗರದಿಂದ ಹೊಸನಗರದ ಮೇಲೆ ಕಡೂರಿಗೆ, ಹೀಗೆ ಮೂರು ಹೆಸರನ್ನು ತಿರುಗಿಸಿ ಮುರುಗಿಸಿ ಎಲ್ಲ ಲಿಂಕ್ ಹಿಡಿದು ಹೋಗುತ್ತಿದೆ. ಕ್ಯಾಶ್ ಇಲ್ಲದ ಹುಡುಕಾಟಕ್ಕೆ 2 ಸೆಕೆಂಡ್ ಬೇಕು. ಆ ಹೊತ್ತಲ್ಲಿ ಟಾಪ್ ಕಮಾಂಡ್‌ನಲ್ಲಿ ಸಿಪಿಯು ಪೂರ್ತಿ 100%.

ಕ್ಯಾಶ್ ಫೋಲ್ಡರ್‌ನಲ್ಲಿ ಮೂರು ವಾರಕ್ಕೆ 41 ಸಾವಿರ ಫೈಲ್ ಆಗಿವೆ.

ರಾತ್ರಿಪಾಳಿ (ಬುಧವಾರ, ಬೆಳಗ್ಗೆ 8:30)

ಕೋರ್ ಒಂದೇ. ಕೆಲಸ ಒಂದಕ್ಕೆ 2 ಸೆಕೆಂಡ್ ಸಿಪಿಯು ಬೇಕಾದರೆ ಪ್ರೋಸೆಸ್ 5 ಇರಲಿ, 50 ಇರಲಿ, ಸೆಕೆಂಡಿಗೆ ಅರ್ಧ ರಿಕ್ವೆಸ್ಟ್ ಮಾತ್ರ ಮುಗಿಯುತ್ತದೆ. ಬರುತ್ತಿರುವುದು ಒಂದು. ಸಾಲು ಬೆಳೆಯುತ್ತಾ ಹೋಗಿ, ಹಿಂದೆ ನಿಂತವರಿಗೆ 60 ಸೆಕೆಂಡ್ ಮೀರುತ್ತದೆ. ನಿಮ್ಮ 504 ಅದು. ಆ ಸಾಲಿನಲ್ಲಿ ಬೆಳಗಿನ ಬಸ್ಸು ಹಿಡಿಯಬೇಕಾದವರೂ ನಿಂತಿದ್ದಾರೆ.

ಇನ್ನೊಂದು ಲೆಕ್ಕ. 140 ಊರಲ್ಲಿ ಮೂರನ್ನು ಕ್ರಮವಾಗಿ ಆರಿಸಿದರೆ 140, 139, 138ರ ಗುಣಾಕಾರ, 26,85,480. ಬಾಟ್ ಅಷ್ಟನ್ನೂ ಕೇಳಬಹುದು. 25 ಜಿಬಿ ಡಿಸ್ಕ್‌ನಲ್ಲಿ ಇಎಕ್ಸ್‌ಟಿ4 ಸಾಮಾನ್ಯವಾಗಿ 16 ಲಕ್ಷದ ಹತ್ತಿರ ಐನೋಡ್ ಇಡುತ್ತದೆ, ಅಂದರೆ ಅದಕ್ಕಿಂತ ಜಾಸ್ತಿ ಫೈಲ್ ಮಾಡಲಾಗದು. ಡಿಸ್ಕ್ ಖಾಲಿ ಇದ್ದರೂ "ಜಾಗ ಇಲ್ಲ" ಅನ್ನುತ್ತದೆ. ಮಾಮೂಲಿ ಡಿಎಫ್‌ನಲ್ಲಿ ಅದು ಕಾಣಲ್ಲ, ಡಿಎಫ್ ಮೈನಸ್ ಐ ಹಾಕಿದರೆ ಕಾಣುತ್ತದೆ. ಇನ್ನೂ ಹೊತ್ತಿದೆ, ಆದರೆ ಈ ಕ್ಯಾಶ್ ಹೀಗೆ ಬೆಳೆಯಬಾರದು.

ಕ್ವೆರಿಗೆ 2 ಸೆಕೆಂಡ್ ಯಾಕೆ? ಬಸ್ಸಿನ ಪಟ್ಟಿಗೆ ಅದು ತುಂಬಾ ಜಾಸ್ತಿ. ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಇಂಡೆಕ್ಸ್ ಇದೆಯಾ?

ಬಸ್‌ಸ್ಟ್ಯಾಂಡ್ (ಬುಧವಾರ, ರಾತ್ರಿ 8:30)

ಇಲ್ಲ ಅಕ್ಕಾ. 60 ಸಾವಿರ ಸಾಲಿನ ಒಂದೇ ಟೇಬಲ್. ಅದನ್ನೇ ಮೂರು ಸಲ ಜಾಯಿನ್ ಮಾಡಿ, ಊರಿನ ಹೆಸರನ್ನು ಲೈಕ್ ಹಾಕಿ ಎರಡೂ ಕಡೆ ಪರ್ಸೆಂಟ್ ಕೊಟ್ಟು (ಹಿಂದೆ ಮುಂದೆ ಏನಿದ್ದರೂ ಸರಿ ಅಂತ) ಹುಡುಕುತ್ತಿದ್ದೆ.

ರಾತ್ರಿಪಾಳಿ (ಬುಧವಾರ, ರಾತ್ರಿ 9:00)

ಎರಡೂ ಕಡೆ ಪರ್ಸೆಂಟ್ ಕೊಟ್ಟರೆ ಇಂಡೆಕ್ಸ್ ಇದ್ದರೂ ಉಪಯೋಗಕ್ಕೆ ಬರಲ್ಲ, ಎಲ್ಲ ಸಾಲನ್ನೂ ಓದಲೇಬೇಕು. ಊರುಗಳದ್ದೇ ಬೇರೆ ಟೇಬಲ್ ಮಾಡಿ, ಪ್ರತಿ ಊರಿಗೂ ಒಂದು ನಂಬರ್ ಕೊಡಿ. ಬಸ್ಸಿನ ಟೇಬಲ್‌ನಲ್ಲಿ ನಂಬರ್ ಮಾತ್ರ ಇರಲಿ, ಅದರ ಮೇಲೆ ಇಂಡೆಕ್ಸ್ ಇರಲಿ. ಯುಆರ್‌ಎಲ್‌ನಲ್ಲೂ ನಂಬರೇ ಹೋಗಲಿ.

ಕಪ್ಪುಪರದೆ (ಬುಧವಾರ, ರಾತ್ರಿ 9:25)

ಹಳೇ ಲಿಂಕ್‌ಗಳನ್ನು ಮಾತ್ರ ಮುರಿಯಬೇಡಿ. ಜನ ವಾಟ್ಸಾಪ್‌ನಲ್ಲಿ ಹಂಚಿಕೊಂಡಿರುತ್ತಾರೆ. ಹೆಸರಿನ ಲಿಂಕ್ ಬಂದರೆ ನಂಬರಿನ ಲಿಂಕ್‌ಗೆ 301 (ಇನ್ನು ಮೇಲೆ ಅಲ್ಲಿಗೆ ಹೋಗಿ ಎಂಬ ಉತ್ತರ) ಕೊಡಿ.

ಬಾಟ್‌ಗೆ ರೋಬೋಟ್ಸ್ ಫೈಲಿನಲ್ಲಿ ಹುಡುಕಾಟದ ದಾರಿ ಮುಚ್ಚಿ. ಅದು ವಿನಂತಿ ಮಾತ್ರ, ಬೀಗ ಅಲ್ಲ. 2022ರಲ್ಲಿ ಅದನ್ನು ಆರ್‌ಎಫ್‌ಸಿ 9309 ಅಂತ ನಿಯಮವಾಗಿ ಬರೆದಾಗಲೂ ಹಾಗೇ ಹೇಳಿದ್ದಾರೆ. ಕೇಳದವರಿಗೆ ಎಂಜಿನ್‌ಎಕ್ಸ್‌ನ ಲಿಮಿಟ್ ರಿಕ್ (ಒಂದು ಐಪಿಯಿಂದ ಇಷ್ಟೇ ರಿಕ್ವೆಸ್ಟ್ ಎಂಬ ಮಿತಿ) ಇಡಿ. ಮಿತಿ ಮೀರಿದರೆ ಅದು 503 ಕೊಡುತ್ತದೆ, 429 (ರಿಕ್ವೆಸ್ಟ್ ಜಾಸ್ತಿಯಾಯಿತು) ಅಂತ ಬದಲಿಸಿ, ಸರಿಯಾದ ಉತ್ತರ ಅದು. ತುಂಬಾ ಬಿಗಿ ಮಾಡಬೇಡಿ. ಮೊಬೈಲ್ ನೆಟ್‌ವರ್ಕ್‌ನಲ್ಲಿ ಎಷ್ಟೋ ಜನ ಒಂದೇ ಐಪಿ ಹಂಚಿಕೊಂಡಿರುತ್ತಾರೆ. ಸ್ಟ್ಯಾಂಡಿನಲ್ಲಿ ನಿಂತ ಹತ್ತು ಜನ ನಿಮ್ಮ ಸರ್ವರ್‌ಗೆ ಒಬ್ಬನೇ ಅಂತ ಕಾಣಬಹುದು. ಬರ್ಸ್ಟ್ (ಒಮ್ಮೆಲೇ ಬಂದರೂ ಒಪ್ಪುವ ರಿಕ್ವೆಸ್ಟ್ ಸಂಖ್ಯೆ) ಧಾರಾಳವಾಗಿ ಕೊಡಿ.

ಅಡಿಕೆತೋಟ (ಬುಧವಾರ, ರಾತ್ರಿ 9:50)

ನಾನು 50 ಮಾಡಿ ಅಂದದ್ದು ತಪ್ಪಾಯಿತು. ಇಲ್ಲಿ ಓದಿದ ಮೇಲೆ ನನ್ನ ಸೈಟ್‌ನ ಫೋಲ್ಡರ್‌ಗಳನ್ನೂ ನೋಡಿದೆ, 777 ತೆಗೆದು ಒಡೆತನ ಸರಿಮಾಡಿದೆ. ಎಲ್ಲ ಮೊದಲಿನಂತೇ ಓಡುತ್ತಿದೆ.

ಬಸ್‌ಸ್ಟ್ಯಾಂಡ್ (ಭಾನುವಾರ, ಬೆಳಗ್ಗೆ 7:10)

ಮೂರು ರಾತ್ರಿ ಕೂತು ಟೇಬಲ್ ಬದಲಿಸಿದೆ. 2 ಸೆಕೆಂಡ್ ಇದ್ದದ್ದು ಈಗ 15 ಮಿಲಿಸೆಕೆಂಡ್. ಇಷ್ಟು ಬೇಗ ಬರುವುದಾದರೆ ಕ್ಯಾಶ್ ಯಾಕೆ ಅಂತ ಆ ಭಾಗವನ್ನೇ ತೆಗೆದೆ. ಫೈಲ್‌ಗಳನ್ನು ಅಳಿಸಲು ಆರ್‌ಎಂ ಜೊತೆ ಸ್ಟಾರ್ ಹಾಕಿದರೆ ಆರ್ಗ್ಯುಮೆಂಟ್ ಪಟ್ಟಿ ತುಂಬಾ ಉದ್ದ ಅಂತ ಬೈಯಿತು. ಫೈಂಡ್‌ಗೆ ಡಿಲೀಟ್ ಕೊಟ್ಟು ಅಳಿಸಿದೆ.

ಇವತ್ತೂ ಬೇಗ ಎದ್ದು ಕೂತಿದ್ದೆ. 5 ಗಂಟೆಗೆ ಬಾಟ್ ಬಂತು, ರೋಬೋಟ್ಸ್ ಫೈಲ್ ಓದಿತು, ಹೋಯಿತು. 5:40ಕ್ಕೆ ಯಾರೋ ತೀರ್ಥಹಳ್ಳಿಯಿಂದ ಶಿವಮೊಗ್ಗದ ಮೇಲೆ ಭದ್ರಾವತಿಗೆ ಹುಡುಕಿದರು. ಹಳೇ ಹೆಸರಿನ ಲಿಂಕ್. 301, ಆಮೇಲೆ 200, ಪುಟ ಬಂತು. ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್.

ಮಳೆಹಳ್ಳಿ (ಭಾನುವಾರ, ಬೆಳಗ್ಗೆ 7:35)

ಚೆನ್ನಾಗಿ ಓಡ್ತಿದೆ ಸರ್, ಈಗಷ್ಟೇ ನೋಡಿದೆ. ಒಂದು ತಿದ್ದುಪಡಿ: ಬಾಳೆಹೊನ್ನೂರಿನಿಂದ ಚಿಕ್ಕಮಗಳೂರಿಗೆ 6:10ರ ಖಾಸಗಿ ಬಸ್ಸು ಅಂತ ಇದೆ. ಹೋದ ತಿಂಗಳಿಂದ ಅದು 6:25ಕ್ಕೆ ಹೊರಡುತ್ತದೆ.

ಬಸ್‌ಸ್ಟ್ಯಾಂಡ್ (ಭಾನುವಾರ, ಬೆಳಗ್ಗೆ 7:41)

ಬದಲಿಸಿದೆ. ಒಮ್ಮೆ ರಿಫ್ರೆಶ್ ಮಾಡಿ ನೋಡಿ.